ಹಳೆಯದರ ಕಾಲ ಮತ್ತು ಬೆಲೆ: ಜಾನಪದ ವಸ್ತುಗಳ ಮೌಲ್ಯನಿರ್ಣಯ ಕುರಿತು ಒಂದು ವಿಮರ್ಶೆ

ಮನೆಯ ಅಟ್ಟದಿಂದ ಇಳಿದ ಹಿತ್ತಾಳೆಯ ಕೊಡ, ದೈವಸ್ಥಾನದಿಂದ ಹೊರಬಂದ ಮರದ ಮೂರ್ತಿ, ಗೊಂಬೆರಾಮರ ಪೆಟ್ಟಿಗೆಯಿಂದ ಬಿಡಿಬಿಡಿಯಾಗಿ ಮಾರಾಟವಾದ ತೊಗಲುಗೊಂಬೆ, ಕಾಳು ಅಳೆದು ಅಂಚು ಸವೆದ ಸೇರು ಮೊದಲಾದ ವಸ್ತುಗಳು ಮೂಲ ಒಡೆಯರ ಕೈಬಿಟ್ಟು ಎರಡನೆಯ ಕೈಗೆ ಬಂದೊಡನೆ ಅವುಗಳ ಬಗ್ಗೆ ಎರಡು ಪ್ರಶ್ನೆಗಳು ಏಳುತ್ತವೆ. ಇದು ಎಷ್ಟು ಹಳೆಯದು? ಇದರ ಬೆಲೆ ಎಷ್ಟು? ಗುಜರಿ ಅಂಗಡಿಯಲ್ಲಿ, ಪ್ರಾಚೀನ ವಸ್ತುಗಳ ಮಾರುಕಟ್ಟೆಯಲ್ಲಿ, ಹರಾಜಿನಲ್ಲಿ, ಅಷ್ಟೇಕೆ, ವಸ್ತುಸಂಗ್ರಹಾಲಯಗಳ ಖರೀದಿಯ ಸಂದರ್ಭದಲ್ಲಿಯೂ ಮೊದಲು ಕೇಳಿಬರುವುದು ಈ ಪ್ರಶ್ನೆಗಳೇ. ಇವೆರಡನ್ನೂ ಬೆಸೆಯುವ ನಂಬಿಕೆಯೊಂದಿದೆ: ವಸ್ತು ಹಳೆಯದಾದಷ್ಟೂ ಅದರ ಬೆಲೆ ಹೆಚ್ಚು. ಈ ನಂಬಿಕೆ ಜಾನಪದ ವಸ್ತುಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ, ಇದನ್ನು ಆಧರಿಸಿದ ಮೌಲ್ಯನಿರ್ಣಯವು ಜಾನಪದ ಅಧ್ಯಯನಕ್ಕೆ ಏನನ್ನು ಉಳಿಸಿಕೊಟ್ಟಿದೆ, ಏನನ್ನು ಕಳೆದಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಈ ಚರ್ಚೆಗೆ ತಾತ್ವಿಕ ಹಿನ್ನೆಲೆ ಇಲ್ಲದಿಲ್ಲ. ಆಸ್ಟ್ರಿಯಾದ ಕಲಾ ಇತಿಹಾಸಕಾರ ಅಲೋಯಿಸ್ ರೀಗ್ಲ್ 1903ರಲ್ಲಿ ಸ್ಮಾರಕಗಳನ್ನು ಕುರಿತು ಬರೆಯುತ್ತ ಹಳತನದ ಮೌಲ್ಯವನ್ನೂ ಚಾರಿತ್ರಿಕ ಮೌಲ್ಯವನ್ನೂ ಬೇರ್ಪಡಿಸಿದ. ಕಾಲದ ಹೊಡೆತ ಕಣ್ಣಿಗೆ ಕಂಡಾಗ ನೋಡುಗನಲ್ಲಿ ಹುಟ್ಟುವ ಭಾವ ಮೊದಲನೆಯದು. ಒಂದು ನಿರ್ದಿಷ್ಟ ಕಾಲದ ಬದುಕಿಗೆ ವಸ್ತು ನುಡಿಯುವ ಸಾಕ್ಷ್ಯ ಎರಡನೆಯದು. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ಅವರು 1986ರಲ್ಲಿ ಸಂಪಾದಿಸಿದ ಗ್ರಂಥದಲ್ಲಿ ಇಗೋರ್ ಕೊಪಿಟಾಫ್ ಅವರು ವಸ್ತುಗಳಿಗೂ ಜೀವನಚರಿತ್ರೆ ಇರುತ್ತದೆಂದು ವಾದಿಸಿದರು. ಒಂದು ವಸ್ತು ತನ್ನ ಆಯುಷ್ಯದಲ್ಲಿ ಸರಕಾಗಿಯೂ ಮಾರಾಟಕ್ಕೆ ನಿಲುಕದ ಪವಿತ್ರ ವಸ್ತುವಾಗಿಯೂ ಮತ್ತೆ ಸರಕಾಗಿಯೂ ಬದಲಾಗಬಹುದೆಂಬುದು ಅವರ ನಿಲುವು. ಹಳೆಯ ವಸ್ತುಗಳ ಮಾರುಕಟ್ಟೆಯು ಹಳತನದ ಮೌಲ್ಯವನ್ನೇ ಚಾರಿತ್ರಿಕ ಮೌಲ್ಯವೆಂದು ಭಾವಿಸುತ್ತದೆ, ಮತ್ತು ವಸ್ತುವಿನ ಜೀವನಚರಿತ್ರೆಯಲ್ಲಿ ಹುಟ್ಟಿದ ವರ್ಷವೊಂದನ್ನೇ ಕೇಳುತ್ತದೆ. ಮುಂದಿನ ಚರ್ಚೆ ಈ ಎರಡು ಅಂಶಗಳನ್ನು ಆಧರಿಸಿದೆ.

ಕಣ್ಣಿಗೆ ಕಾಣುವ ಗುರುತುಗಳು

ವಸ್ತುವಿನ ಕಾಲವನ್ನು ಗುರುತಿಸಲು ವ್ಯಾಪಾರಿಗಳು ಮತ್ತು ಸಂಗ್ರಾಹಕರು ಸಾಮಾನ್ಯವಾಗಿ ಮೂರು ಗುರುತುಗಳನ್ನು ಅವಲಂಬಿಸುತ್ತಾರೆ. ಅವು ಬಣ್ಣ, ಸವೆತ ಮತ್ತು ಬರಹ. ಈ ಮೂರೂ ಉಪಯುಕ್ತವಾದವುಗಳೇ. ಆದರೆ ಪ್ರತಿಯೊಂದಕ್ಕೂ ಅದರ ಹಿಂದಿರುವ ಕಸುಬಿನ ಮತ್ತು ಬಳಕೆಯ ತಿಳಿವಳಿಕೆ ಬೇಕಾಗುತ್ತದೆ.

ಲೋಹದ ಮೇಲೆ ಕೂಡಿದ ಕಪ್ಪು ಅಥವಾ ಹಸಿರು ಛಾಯೆಯನ್ನು ಕಾಲದ ಸಹಿ ಎಂದು ತಿಳಿಯುವುದುಂಟು. ಬೀದರಿನ ಬಿದ್ರಿ ಕೆಲಸ ಇದಕ್ಕೆ ಒಳ್ಳೆಯ ಪ್ರತಿವಾದವನ್ನು ಒದಗಿಸುತ್ತದೆ. ಹೆಚ್ಚಿನ ಪಾಲು ಸತು, ಅಲ್ಪ ಪ್ರಮಾಣದ ತಾಮ್ರ ಸೇರಿದ ಮಿಶ್ರಲೋಹದಲ್ಲಿ ಎರಕ ಹೊಯ್ದು, ಬೆಳ್ಳಿಯ ತಂತಿ ಮತ್ತು ತಗಡನ್ನು ಕೂರಿಸಿದ ಬಳಿಕ, ಬೀದರ್ ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕುದಿಸಿ ಅದರಲ್ಲಿ ವಸ್ತುವನ್ನು ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಶತಮಾನದ್ದೆಂದು ಕಾಣುವ ಆ ಕಪ್ಪು ಅಲ್ಪ ಹೊತ್ತಿನಲ್ಲಿ ಕಸುಬುದಾರನ ಕೈಯಲ್ಲಿ ಮೂಡಿದ್ದು. ಬಣ್ಣ ಮಾಸಿದ ಹಳೆಯ ಬಿದ್ರಿ ಪಾತ್ರೆಗೆ ಮತ್ತೆ ಕಪ್ಪೇರಿಸಬಹುದು, ಹೊಸದಕ್ಕೂ ಏರಿಸಬಹುದು. ಹೀಗಿರುವಾಗ ಕಪ್ಪಿನಿಂದ ಕಾಲವನ್ನು ಅಳೆಯಲು ಹೊರಟವನು ಕುಶಲತೆಯನ್ನು ಕಾಲವೆಂದು ತಪ್ಪಾಗಿ ಓದುತ್ತಾನೆ. ಹಿತ್ತಾಳೆ ಮತ್ತು ಕಂಚಿನ ವಸ್ತುಗಳ ಮೇಲೆ ಆಮ್ಲ, ಉಪ್ಪು, ಹೊಗೆ, ಹಸಿಮಣ್ಣುಗಳಿಂದ ಛಾಯೆ ಬರಿಸುವ ವಿದ್ಯೆಯೂ ಈ ವ್ಯಾಪಾರದಲ್ಲಿ ಹೊಸದೇನಲ್ಲ.

ಸವೆತದ ವಿಷಯದಲ್ಲಿ ಜಾನಪದ ತಿಳಿವಳಿಕೆಯ ಅಗತ್ಯ ಇನ್ನೂ ಸ್ಪಷ್ಟವಾಗುತ್ತದೆ. ಬಳಸಿದ ವಸ್ತು ಎಲ್ಲೆಡೆ ಒಂದೇ ಸಮನಾಗಿ ಸವೆಯುವುದಿಲ್ಲ. ಸೇರಿನ ಅಂಚು ಕಾಳನ್ನು ಕೈಯಿಂದ ಸವರಿ ಮಟ್ಟ ಮಾಡುವ ಕಡೆ ಸವೆಯುತ್ತದೆ. ಒನಕೆ ಹಿಡಿಯುವ ನಡುಭಾಗದಲ್ಲಿ ನಯವಾಗುತ್ತದೆ. ಎಲ್ಲ ಮೂಲೆಗಳೂ ಒಂದೇ ರೀತಿ ಉರುಟಾಗಿದ್ದರೆ ಅದು ಮರಳು ಕಾಗದದ ಕೆಲಸವೆಂದು ಅನುಮಾನಿಸಬೇಕಾಗುತ್ತದೆ. ಇಷ್ಟನ್ನು ಅನುಭವಿ ವ್ಯಾಪಾರಿಯೂ ಬಲ್ಲ. ಅವನ ಗಮನಕ್ಕೆ ಬಾರದಿರುವುದು ಬಳಕೆಯ ಪಂಚಾಂಗ. ತುಳುನಾಡಿನಲ್ಲಿ ಚೆನ್ನೆಮಣೆಯ ಆಟ ಮುಖ್ಯವಾಗಿ ಮಳೆಗಾಲದ ಆಟಿ ತಿಂಗಳಿಗೆ ಸೇರಿದ್ದು. ವರ್ಷದ ಉಳಿದ ಕಾಲ ಮಣೆ ಅಟ್ಟದಲ್ಲಿರುತ್ತದೆ. ಸೇರು ಅಥವಾ ಪಾವು ದಿನವೂ ಅಕ್ಕಿಯ ಪಾತ್ರೆಯೊಳಗೆ ಇಳಿದೇಳುತ್ತದೆ. ಆದ್ದರಿಂದ ಚೆನ್ನೆಮಣೆಯ ಗುಳಿಗಳ ಅಂಚಿನಲ್ಲಿ ಕಾಣುವ ಅಲ್ಪ ಸವೆತವು ಹಲವು ದಶಕಗಳದ್ದಾಗಿರಬಹುದು, ಸೇರಿನ ಅಂಚಿನ ದೊಡ್ಡ ಸವೆತ ಕೆಲವೇ ವರ್ಷಗಳದ್ದಾಗಿರಬಹುದು. ಯಾವ ಸೀಮೆಯಲ್ಲಿ, ಯಾವ ಮಾಸದಲ್ಲಿ, ಎಷ್ಟು ಸಲ ಬಳಸುತ್ತಿದ್ದರು ಎಂಬುದು ತಿಳಿಯದೆ ಸವೆತವನ್ನು ವರ್ಷಗಳಾಗಿ ಪರಿವರ್ತಿಸಲಾಗದು.

ಮೂರನೆಯ ಗುರುತಾದ ಬರಹ ಎಲ್ಲಕ್ಕಿಂತ ನಂಬಲರ್ಹವೆಂದು ತೋರುತ್ತದೆ. ಆದರೆ ಪಾತ್ರೆ, ಕಡತ, ಓಲೆಗರಿಗಳಲ್ಲಿ ಕಾಲವನ್ನು ಸಂವತ್ಸರದ ಹೆಸರಿನಿಂದ ಮಾತ್ರ ಸೂಚಿಸಿದ್ದರೆ, ಅರವತ್ತು ವರ್ಷಗಳ ಚಕ್ರದಲ್ಲಿ ಅದು ಯಾವ ಸುತ್ತಿನದೆಂದು ಬೇರೆ ಆಧಾರದಿಂದ ನಿರ್ಧರಿಸಬೇಕಾಗುತ್ತದೆ. ಪ್ರಭವ ಸಂವತ್ಸರ ಎಂಬುದು 1867ರಲ್ಲಿ ಆರಂಭವಾದದ್ದೂ ಹೌದು, 1927 ಮತ್ತು 1987ರಲ್ಲಿ ಆರಂಭವಾದದ್ದೂ ಹೌದು. ಮಾರುವವನು ಸಹಜವಾಗಿಯೇ ಹಿಂದಿನ ಸುತ್ತನ್ನು ಆರಿಸಿಕೊಳ್ಳುತ್ತಾನೆ. ಓಲೆಗರಿಯ ಪ್ರತಿಗಳಲ್ಲಿ ಲಿಪಿಕಾರನು ಮೂಲಪ್ರತಿಯ ಕಾಲಸೂಚನೆಯನ್ನೂ ಹಾಗೆಯೇ ನಕಲು ಮಾಡಿರುವ ಸಾಧ್ಯತೆಯನ್ನು ಗ್ರಂಥಸಂಪಾದಕರು ಬಲ್ಲರು.

ಅಂಕಿಗಳಲ್ಲಿ ಬರೆದ ಇಸವಿಯೂ ಸುಳ್ಳಾಗಬಹುದು. ಸೀತಾರಾಮರ ಅಥವಾ ಹನುಮಂತನ ಚಿತ್ರ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1616, 1717, 1818 ಮುಂತಾದ ಇಸವಿ, ಜೊತೆಗೆ ಒಂದು ಆಣೆ ಅಥವಾ ಅರ್ಧ ಆಣೆ ಎಂಬ ಬರಹವಿರುವ ತಾಮ್ರದ ಬಿಲ್ಲೆಗಳು ನಾಡಿನ ಸಂತೆಗಳಲ್ಲಿ ಹೇರಳವಾಗಿ ಕಾಣಸಿಗುತ್ತವೆ. ಕಂಪನಿಯು ಮದರಾಸಿನಲ್ಲಿ ದೇವತಾರೂಪವಿದ್ದ ಚಿನ್ನದ ವರಾಹಗಳನ್ನು ಟಂಕಿಸಿದ್ದು ನಿಜ. ಆದರೆ ಸೀತಾರಾಮರಿರುವ ಇಂತಹ ಆಣೆಗಳನ್ನು ಅದು ಟಂಕಿಸಲಿಲ್ಲ. ನಾಣ್ಯಶಾಸ್ತ್ರಜ್ಞರು ಇವನ್ನು ನಂತರದ ಕಾಲದ ಕೃತಕ ಬಿಲ್ಲೆಗಳೆಂದು ತಳ್ಳಿಹಾಕಿದ್ದಾರೆ. ಇವುಗಳಿಗೆ ಅಕ್ಕಿಕಾಳನ್ನು ಸೆಳೆಯುವ ಶಕ್ತಿ ಇದೆ, ಕೋಟಿಗಟ್ಟಲೆ ಬೆಲೆ ಬಾಳುತ್ತವೆ ಎಂಬ ವದಂತಿ ಹರಡಿ, ರೈಸ್ ಪುಲ್ಲರ್ ಎಂಬ ಹೆಸರಿನ ವಂಚನೆಯಲ್ಲಿ ಹಣ ಕಳೆದುಕೊಂಡವರಿದ್ದಾರೆ. ನಾಣ್ಯವಾಗಿ ಈ ಬಿಲ್ಲೆಗಳಿಗೆ ಬೆಲೆಯಿಲ್ಲ. ಭಕ್ತಿಯ ರಾಮಟಂಕವನ್ನು ಕಂಪನಿಯ ಹೆಸರಿನೊಂದಿಗೆ ಬೆರೆಸಿ ಪವಾಡದ ಕಥೆ ಕಟ್ಟಿದ ಆಧುನಿಕ ವದಂತಿಯ ದಾಖಲೆಯಾಗಿ ಜಾನಪದ ವಿದ್ವಾಂಸನು ಅವನ್ನು ಗಮನಿಸಲೇಬೇಕು. ಒಂದೇ ವಸ್ತು ಒಂದು ಅಳತೆಯಲ್ಲಿ ನಕಲಿಯಾಗಿ, ಇನ್ನೊಂದರಲ್ಲಿ ಅಸಲಿ ಸಾಕ್ಷ್ಯವಾಗಿ ನಿಲ್ಲುವುದನ್ನು ಇಲ್ಲಿ ಕಾಣಬಹುದಾಗಿದೆ.

ಪ್ರಯೋಗಾಲಯದ ನೆರವು ಮತ್ತು ಮಿತಿ

ಕಣ್ಣಿನ ಗುರುತುಗಳು ಸೋತಲ್ಲಿ ಪ್ರಯೋಗಾಲಯ ತೀರ್ಪು ಕೊಡುತ್ತದೆಂಬ ಭರವಸೆಯೂ ವ್ಯಾಪಕವಾಗಿದೆ. ವಿಜ್ಞಾನದ ನೆರವು ದೊಡ್ಡದೇ. ಆದರೆ ಜಾನಪದ ವಸ್ತುಗಳ ಮಟ್ಟಿಗೆ ಅದರ ಮಿತಿಗಳನ್ನು ಅರಿಯುವುದು ಅಗತ್ಯ. ಇಂಗಾಲ 14ರ ಪರೀಕ್ಷೆಯು ಮರದ ಆ ಪದರ ಬೆಳೆದ ಕಾಲವನ್ನು ಸೂಚಿಸುತ್ತದೆಯೇ ಹೊರತು ಬಡಗಿಯ ಉಳಿ ಆಡಿದ ಕಾಲವನ್ನಲ್ಲ. ಹಳೆಯ ಮನೆಯ ತೊಲೆಯಿಂದ ಕೆತ್ತಿದ ಹೊಸ ಮೂರ್ತಿ ಆ ಪರೀಕ್ಷೆಯಲ್ಲಿ ಹಳೆಯದಾಗಿಯೇ ಕಾಣುತ್ತದೆ. ಅಲ್ಲದೆ ಸುಮಾರು 1650ರಿಂದ 1950ರವರೆಗಿನ ಅವಧಿಯಲ್ಲಿ ವಾತಾವರಣದ ಇಂಗಾಲದ ಏರಿಳಿತದ ಕಾರಣ ಈ ಪರೀಕ್ಷೆ ಒಂದು ಖಚಿತ ಕಾಲವನ್ನು ಕೊಡದೆ ಹಲವು ಪರ್ಯಾಯ ಅವಧಿಗಳನ್ನು ಮುಂದಿಡುತ್ತದೆ. ಇಂದು ಮಾರುಕಟ್ಟೆಗೆ ಬರುವ ಮರದ ಜಾನಪದ ವಸ್ತುಗಳಲ್ಲಿ ಬಹುಪಾಲು ಈ ಅವಧಿಗೇ ಸೇರಿದವು.

ಲೋಹಕ್ಕೆ ಇಂಗಾಲದ ಪರೀಕ್ಷೆ ನೇರವಾಗಿ ಒದಗದು. ಟೊಳ್ಳು ಎರಕದ ಒಳಗೆ ಉಳಿದ ಸುಟ್ಟ ಮಣ್ಣನ್ನು ಉಷ್ಣದೀಪ್ತಿಯ ವಿಧಾನದಿಂದ ಪರೀಕ್ಷಿಸಬಹುದು. ಘನ ಎರಕದ ಮೂರ್ತಿಯಲ್ಲಿ ಆ ಒಳಮಣ್ಣೇ ಇರುವುದಿಲ್ಲ. ಹಿತ್ತಾಳೆಯಲ್ಲಿ ಸತುವಿನ ಪಾಲು ನೂರಕ್ಕೆ ಸುಮಾರು ಮೂವತ್ತನ್ನು ಮೀರಿದರೆ ಅದು ಇತ್ತೀಚಿನದೆಂದು ಊಹಿಸುವ ಕ್ರಮ ಯುರೋಪಿನ ಸಂಗ್ರಾಹಕರಲ್ಲಿದೆ. ಅಲ್ಲಿ ಲೋಹರೂಪದ ಸತುವಿನ ಬಳಕೆ ತಡವಾಗಿ ಬಂದುದೇ ಇದಕ್ಕೆ ಕಾರಣ. ರಾಜಸ್ಥಾನದ ಜಾವರ್‌ನಲ್ಲಿ ಯುರೋಪಿಗಿಂತ ಶತಮಾನಗಳ ಮೊದಲೇ ಸತುವನ್ನು ಬಟ್ಟಿಯಿಳಿಸಿ ದೊಡ್ಡ ಪ್ರಮಾಣದಲ್ಲಿ ತೆಗೆಯುತ್ತಿದ್ದುದರಿಂದ ಆ ಮಾನದಂಡವನ್ನು ಇಲ್ಲಿನ ಹಿತ್ತಾಳೆಗೆ ಹಾಗೆಯೇ ಅನ್ವಯಿಸುವಂತಿಲ್ಲ.

ಬಣ್ಣದ ಪರೀಕ್ಷೆ ಇವೆಲ್ಲಕ್ಕಿಂತ ಹೆಚ್ಚು ನೆರವಾಗುತ್ತದೆ. ಟೈಟಾನಿಯಂ ಬಿಳಿ ಬಣ್ಣವಾಗಿ ಬಳಕೆಗೆ ಬಂದದ್ದು 1920ರ ದಶಕದ ಸುಮಾರಿಗೆ. ಕೃತಕ ಅಲ್ಟ್ರಾಮರೀನ್ ನೀಲಿಯನ್ನು ತಯಾರಿಸುವ ವಿಧಾನ ದೊರೆತದ್ದು 1828ರಲ್ಲಿ. ಇವು ಕಂಡುಬಂದ ಬಣ್ಣದ ಪದರ ಆಯಾ ಕಾಲಕ್ಕಿಂತ ಹಿಂದಿನದಾಗಲಾರದು. ಆದರೆ ಇಲ್ಲಿಯೂ ಸಿಗುವುದು ಆ ಪದರದ ಕಾಲ ಮಾತ್ರ. ಮರದ ಮೂರ್ತಿಗೆ ಕಾಲಕಾಲಕ್ಕೆ ಬಣ್ಣ ಹಚ್ಚುವುದು, ಗೊಂಬೆಯ ಮಾಸಿದ ಭಾಗವನ್ನು ತಿದ್ದುವುದು ಆ ಪರಂಪರೆಗಳ ಭಾಗವೇ ಆಗಿರುವಾಗ, ಮೇಲಿನ ಪದರದ ಕಾಲವನ್ನು ವಸ್ತುವಿನ ಕಾಲವೆನ್ನುವುದೂ ತಪ್ಪು, ಆ ಪದರವನ್ನು ಕೆಡುಕೆಂದು ಉಜ್ಜಿ ತೆಗೆಯುವುದೂ ತಪ್ಪು.

ಒಂದು ವಸ್ತು, ಹಲವು ಕಾಲ

ಪ್ರಯೋಗಾಲಯದ ಈ ಮಿತಿಗಳ ಹಿಂದೆ ಇನ್ನೊಂದು ಸತ್ಯವಿದೆ. ಜಾನಪದ ವಸ್ತುವಿಗೆ ಒಂದೇ ಕಾಲವಿರುವುದಿಲ್ಲ. ಸಾಮಗ್ರಿಯ ಕಾಲ, ರೂಪುಗೊಂಡ ಕಾಲ, ನವೀಕರಣಗೊಂಡ ಕಾಲ, ಬಳಕೆಯಲ್ಲಿದ್ದ ಕಾಲ, ಆ ಆಕಾರವು ಪರಂಪರೆಯಲ್ಲಿ ನಡೆದುಬಂದ ಕಾಲ ಎಂದು ಕನಿಷ್ಠ ಐದು ಕಾಲಗಳನ್ನು ಅದರಲ್ಲಿ ಗುರುತಿಸಬಹುದಾಗಿದೆ. ಮಾರುಕಟ್ಟೆ ಇವುಗಳಲ್ಲಿ ಒಂದನ್ನು, ಸಾಮಾನ್ಯವಾಗಿ ಅತಿ ಹಿಂದಿನದನ್ನು, ಹೆಕ್ಕಿಕೊಳ್ಳುತ್ತದೆ.

ಸೇರಿನ ಉದಾಹರಣೆಯನ್ನೇ ನೋಡಬಹುದು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಬಳಿಕ ದೇಶದಲ್ಲಿ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು, 1960ರ ದಶಕದ ಆರಂಭದ ಹೊತ್ತಿಗೆ ವ್ಯಾಪಾರದಲ್ಲಿ ಕಡ್ಡಾಯವಾಯಿತು. ಆದುದರಿಂದ ಸೇರೆಂದರೆ ಅದಕ್ಕೂ ಹಿಂದಿನದು ಎಂದು ವ್ಯಾಪಾರಿ ಹೇಳುವುದುಂಟು. ಕಾಯಿದೆ ಅಂಗಡಿಯ ಅಳತೆಯನ್ನು ಬದಲಿಸಿತೇ ಹೊರತು ಮನೆಯ ಅಳತೆಯನ್ನಲ್ಲ. ಅಕ್ಕಿಯನ್ನು ಪಾವಿನಲ್ಲಿ ಅಳೆದು ಅನ್ನಕ್ಕಿಡುವ ಮನೆಗಳು ಇಂದಿಗೂ ಇವೆ. ಪದ್ಧತಿಯ ಕಾಲವನ್ನು ಆ ಒಂದು ವಸ್ತುವಿನ ಕಾಲವೆಂದು ಭಾವಿಸುವುದರಿಂದ ಈ ದೋಷ ಉಂಟಾಗುತ್ತದೆ.

ನವೀಕರಣದ ಪ್ರಶ್ನೆ ಭೂತಾರಾಧನೆಯ ವಸ್ತುಗಳಲ್ಲಿ ತೀವ್ರರೂಪ ಪಡೆಯುತ್ತದೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ಕ್ಷೇತ್ರವು ಆಳೆತ್ತರದ ಮತ್ತು ಅದಕ್ಕೂ ಮಿಗಿಲಾದ ಮರದ ಭೂತಮೂರ್ತಿಗಳಿಗೆ ಹೆಸರಾದುದು. ಅಲ್ಲಿಂದ ಹೋದ ಹಳೆಯ ಮೂರ್ತಿಗಳು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಕ್ಷೇತ್ರದಲ್ಲಿ ಹೊಸ ಮೂರ್ತಿಗಳು ಪೂಜೆಗೊಳ್ಳುತ್ತಿವೆ. ಕಲಾ ಇತಿಹಾಸದ ದೃಷ್ಟಿಯಲ್ಲಿ ದೆಹಲಿಯಲ್ಲಿರುವುದು ಮೂಲ, ಊರಿನಲ್ಲಿರುವುದು ಪ್ರತಿ. ಆರಾಧಕರ ದೃಷ್ಟಿಯಲ್ಲಿ ಪ್ರತಿಷ್ಠೆಗೊಂಡ ಮೂರ್ತಿಯೇ ದೈವದ ನೆಲೆ. ಜೀರ್ಣವಾದುದನ್ನು ಬಿಟ್ಟು ಹೊಸದನ್ನು ನಿಲ್ಲಿಸುವುದು ಅವರಿಗೆ ನಷ್ಟವಾಗಿ ತೋರದು, ಅದು ಪರಂಪರೆಯ ಮುಂದುವರಿಕೆ. ಮಳೆ, ಗೆದ್ದಲು ಮತ್ತು ಕೊಳೆತದಿಂದ ನಾಶವಾಗಬಹುದಾಗಿದ್ದ ಶಿಲ್ಪಗಳನ್ನು ಸಂಗ್ರಹಾಲಯ ಉಳಿಸಿದೆ ಎಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು. ಆದರೆ ಕ್ಷೇತ್ರದ ಸನ್ನಿವೇಶದಲ್ಲಿ ಯಾವ ಮೂರ್ತಿ ಯಾವುದರ ಬದಿಗೆ, ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತದೆಂಬುದು ಅರ್ಥದ ಭಾಗ. ಅದನ್ನು ಹಳತನ ಹೇಳಲಾರದು.

ದೈವದ ಭಂಡಾರಕ್ಕೆ ಸೇರಿದ ಲೋಹದ ಮೊಗಗಳಿಗೂ ಇದೇ ಮಾತು ಸಲ್ಲುತ್ತದೆ. ಭಂಡಾರದ ಮನೆಯಿಂದ ಹೊರಟು, ಕೋಲದಲ್ಲಿ ಪಾತ್ರಿಯ ಕೈಗೋ ಮುಖಕ್ಕೋ ಬಂದು, ಮತ್ತೆ ಒಳಗಾಗುವ ಚಲನೆಯಲ್ಲಿ ಮೊಗ ತನ್ನ ಅರ್ಥವನ್ನು ಪಡೆಯುತ್ತದೆ. ಪಂಜುರ್ಲಿಯ ಮೊಗವೆಂದು ಹರಾಜಿನ ಪಟ್ಟಿಯಲ್ಲಿ ಕಾಣುವಾಗ ಅದು ಯಾವ ಗ್ರಾಮದ ಪಂಜುರ್ಲಿ ಎಂಬುದು ಕಾಣೆಯಾಗಿರುತ್ತದೆ. ಒಂದೇ ಹೆಸರಿನ ದೈವವು ಗ್ರಾಮ, ಗುತ್ತು, ಕುಟುಂಬಗಳಿಗೆ ಅನುಸಾರವಾಗಿ ಬೇರೆ ಬೇರೆ ಕಥನ ಮತ್ತು ಅಧಿಕಾರಗಳನ್ನು ಹೊಂದಿರುವಾಗ ಈ ಕೊರತೆ ಸಣ್ಣದಲ್ಲ.

ತೊಗಲುಗೊಂಬೆಯಲ್ಲಿ ವೈರುಧ್ಯ ಇನ್ನೂ ಎದ್ದು ಕಾಣುತ್ತದೆ. ಹರಿದು ಬಳಕೆಗೆ ಬಾರದ ಗೊಂಬೆಗಳನ್ನು ಗೌರವದಿಂದ ನೀರಿಗೆ ಬಿಡುವ ರೂಢಿ ಗೊಂಬೆಯಾಟದ ಕುಟುಂಬಗಳಲ್ಲಿತ್ತು. ಹಳೆಯದು ಹೋಗಿ ಹೊಸದು ಬರುವ ಈ ಕ್ರಮದಿಂದಲೇ ಆಟ ಜೀವಂತವಾಗಿ ಉಳಿದಿತ್ತು. ಎಂ.ಎಸ್. ನಂಜುಂಡರಾವ್ ಅವರು ಕರ್ನಾಟಕದ ಗೊಂಬೆಗಳನ್ನು ವ್ಯಾಪಕವಾಗಿ ಸಂಗ್ರಹಿಸಿ ಅಧ್ಯಯನ ಮಾಡಿದ್ದರಿಂದ ಅನೇಕ ಮಾದರಿಗಳು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಉಳಿದಿವೆ. ಆದರೆ ಮಾರುಕಟ್ಟೆಯಲ್ಲಿ ಗೊಂಬೆ ಬಿಡಿಯಾಗಿ, ಗೋಡೆಯ ಚಿತ್ರವಾಗಿ ಮಾರಾಟವಾಗುತ್ತದೆ. ರಾವಣ ಒಬ್ಬರ ಮನೆಗೆ, ಮಂಡೋದರಿ ಇನ್ನೊಬ್ಬರ ಮನೆಗೆ ಹೋದ ಮೇಲೆ ಒಂದು ಮೇಳದ ಪೆಟ್ಟಿಗೆಯಲ್ಲಿ ಎಷ್ಟು ಗೊಂಬೆಗಳಿದ್ದವು, ಒಂದು ಪಾತ್ರಕ್ಕೆ ಎಷ್ಟು ಭಂಗಿಗಳಿದ್ದವು ಎಂಬ ಲೆಕ್ಕವನ್ನು ಮತ್ತೆ ಕಟ್ಟಲು ಬರುವುದಿಲ್ಲ. ಬಿಡಿ ಗೊಂಬೆಗಳ ಒಟ್ಟು ಬೆಲೆ ಪೆಟ್ಟಿಗೆಯ ಬೆಲೆಯನ್ನು ಮೀರಬಹುದು, ಪೆಟ್ಟಿಗೆ ಹೇಳುತ್ತಿದ್ದುದನ್ನು ಅವು ಹೇಳಲಾರವು.

ತೂಕದ ಬೆಲೆ, ಕಾನೂನಿನ ಗೆರೆ, ಅಳಿದ ಹೆಸರು

ಬೆಲೆಯ ಪ್ರಶ್ನೆಗೆ ಬಂದರೆ, ಹಳೆಯ ಪಾತ್ರೆಗೆ ನಮ್ಮ ಸಮಾಜದಲ್ಲಿ ಮೊದಲು ಸಲ್ಲುವುದು ತೂಕದ ಬೆಲೆ. ತಾಮ್ರ, ಹಿತ್ತಾಳೆ, ಕಂಚಿನ ಪಾತ್ರೆಗಳನ್ನು ತೂಕಕ್ಕೆ ಹಾಕಿ ಸ್ಟೀಲಿನ ಪಾತ್ರೆ ಕೊಂಡ ಮನೆಗಳು ಅಸಂಖ್ಯ. ಅವುಗಳಲ್ಲಿ ಬಹುಪಾಲು ಕುಲುಮೆ ಸೇರಿದವು. ಈ ದೃಷ್ಟಿಯಿಂದ ಪ್ರಾಚೀನ ವಸ್ತುಗಳ ವ್ಯಾಪಾರವನ್ನು ಪೂರ್ತಿಯಾಗಿ ಹಳಿಯುವುದು ನ್ಯಾಯವಾಗದು. ಲೋಹದ ಬೆಲೆಗಿಂತ ಹೆಚ್ಚು ಕೊಡುವವನೊಬ್ಬನಿದ್ದಾನೆ ಎಂಬ ಕಾರಣಕ್ಕೇ ಕುಲುಮೆಯಿಂದ ಉಳಿದ ವಸ್ತುಗಳಿವೆ. ಗುಜರಿಯವನ ಕಣ್ಣು ಅನೇಕ ಸಲ ಪಂಡಿತನ ಕಣ್ಣಿಗಿಂತ ಮೊದಲು ಗುರುತಿಸಿದೆ. ಆಕ್ಷೇಪವಿರುವುದು ಆ ಕಣ್ಣು ಏನನ್ನು ಗುರುತಿಸಲು ಪಳಗಿದೆ ಎಂಬುದರ ಬಗ್ಗೆ.

ಪಾತ್ರೆಗಳ ಮೇಲಿನ ಹೆಸರುಗಳು ಇದಕ್ಕೆ ನಿದರ್ಶನ. ಮದುವೆಯಲ್ಲಿ ಉಡುಗೊರೆ ಕೊಟ್ಟವರ, ಪಡೆದವರ, ಕೆಲವೊಮ್ಮೆ ಊರಿನ ಹೆಸರನ್ನು, ದಿನಾಂಕವನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸುವ ಪದ್ಧತಿ ನಾಡಿನಾದ್ಯಂತ ಇದೆ. ಕೈಯಿಂದ ಹೊಡೆದ ಚುಕ್ಕೆಗಳು, ಯಂತ್ರದಿಂದ ಕೊರೆದ ಅಕ್ಷರಗಳು, ಅಕ್ಷರದ ಆಕಾರ, ಕಾಗುಣಿತದ ರೂಪ ಇವೆಲ್ಲ ಕಾಲನಿರ್ಣಯಕ್ಕೆ ಒದಗುವ ಆಧಾರಗಳು. ಅದಕ್ಕಿಂತ ಹೆಚ್ಚಾಗಿ, ಹೆಣ್ಣುಮಗಳೊಬ್ಬಳು ತವರಿನಿಂದ ತಂದ ಪಾತ್ರೆ ಯಾರ ಮನೆಯಿಂದ ಯಾರ ಮನೆಗೆ ಹೋಯಿತು ಎಂಬ ಬಂಧುತ್ವದ ನಕ್ಷೆ ಅಲ್ಲಿರುತ್ತದೆ. ಲಿಖಿತ ದಾಖಲೆಗಳಲ್ಲಿ ವಿರಳವಾಗಿ ಕಾಣುವ ಹೆಂಗಸರ ಹೆಸರುಗಳು ಪಾತ್ರೆಗಳ ಅಂಚಿನಲ್ಲಿ ಉಳಿದಿವೆ. ಅಲಂಕಾರಕ್ಕಾಗಿ ಕೊಳ್ಳುವವನಿಗೆ ಅಪರಿಚಿತರ ಹೆಸರು ಒಂದು ಕಲೆ. ಹೊಳಪು ಕೊಡುವ ಯಂತ್ರಕ್ಕೆ ಸಿಕ್ಕಿದರೆ ಆ ಚುಕ್ಕೆಗಳು ಮಸುಕಾಗುತ್ತವೆ. ಹೀಗೆ ಬೆಲೆ ಏರಿಸಲು ಮಾಡಿದ ಕೆಲಸವೇ ಮೌಲ್ಯವನ್ನು ಅಳಿಸುತ್ತದೆ.

ಕಾನೂನು ಕೂಡ ಹಳತನವನ್ನೇ ಮುಖ್ಯ ಗೆರೆಯಾಗಿ ಸ್ವೀಕರಿಸಿದೆ. 1976ರಲ್ಲಿ ಜಾರಿಗೆ ಬಂದ 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯು ಸಾಮಾನ್ಯವಾಗಿ ನೂರು ವರ್ಷ ತುಂಬಿದ ವಸ್ತುವನ್ನು, ಹಸ್ತಪ್ರತಿಯಾದರೆ ಎಪ್ಪತ್ತೈದು ವರ್ಷ ತುಂಬಿದುದನ್ನು ಪ್ರಾಚೀನ ವಸ್ತುವೆಂದು ಪರಿಗಣಿಸುತ್ತದೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಕಳ್ಳಸಾಗಣೆಯನ್ನು ತಡೆಯಲು ಇಂತಹ ಗೆರೆ ಅನಿವಾರ್ಯವೆಂಬುದು ಸರಿಯೇ. ಆದರೆ ಆಟ ನಿಲ್ಲಿಸಿದ ಮೇಳವೊಂದರ ಕೊನೆಯ ಪೆಟ್ಟಿಗೆ ಎಂಬತ್ತು ವರ್ಷದ್ದಾಗಿದ್ದರೆ ಆ ಗೆರೆಯ ಒಳಗೆ ಅದು ಬರುವುದಿಲ್ಲ. ನೂರು ವರ್ಷಕ್ಕಿಂತ ಕಡಿಮೆಯ ಕೃತಿಯನ್ನು ಕಲಾನಿಧಿಯೆಂದು ಘೋಷಿಸಲು ಕಾಯಿದೆಯಲ್ಲಿ ಅವಕಾಶವಿದ್ದರೂ ಅದರ ಅಳತೆ ಕಲಾತ್ಮಕ ಮೌಲ್ಯ. ಬಳಕೆಯ ಮೌಲ್ಯಕ್ಕೆ, ಕೊನೆಯ ಸಾಕ್ಷಿ ಎಂಬ ಮೌಲ್ಯಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ.

ವಸ್ತು ಬಂದ ದಾರಿ

ಬಣ್ಣವನ್ನು ಬರಿಸಬಹುದು, ಸವೆತವನ್ನು ಉಂಟುಮಾಡಬಹುದು, ಇಸವಿಯನ್ನು ಕೊರೆಯಬಹುದು. ಇವುಗಳಿಗಿಂತ ಕಷ್ಟದಲ್ಲಿ ಸೃಷ್ಟಿಸಬಹುದಾದುದು, ಪರಿಶೀಲಿಸಲು ಸಾಧ್ಯವಾದುದು, ವಸ್ತು ಬಂದ ದಾರಿ. ಯಾವ ಊರು, ಯಾವ ಮನೆ ಅಥವಾ ಸ್ಥಾನ, ಯಾರು ಬಳಸಿದರು, ಯಾವಾಗ ಮತ್ತು ಏಕೆ ಕೈಬಿಟ್ಟರು ಎಂಬ ವಿವರಗಳ ಸರಣಿ ಅದು. ಕಾಲನಿರ್ಣಯದ ಎಲ್ಲ ಆಧಾರಗಳನ್ನು ಒಂದಕ್ಕೊಂದು ತಾಳೆ ನೋಡಲು ಅದೇ ಅಡಿಪಾಯ. ದುರದೃಷ್ಟವಶಾತ್ ಎರಡನೆಯ ಕೈಯ ವ್ಯಾಪಾರ ಮೊದಲು ಕಡಿಯುವುದು ಈ ಸರಣಿಯನ್ನೇ. ತನ್ನ ಮೂಲವನ್ನು ಪೈಪೋಟಿಯವನಿಗೆ ತಿಳಿಸಲು ವ್ಯಾಪಾರಿ ಒಲ್ಲ. ದೈವಸ್ಥಾನ, ಗುಡಿಗಳಿಂದ ಕಳವಾದ ವಸ್ತುವಾಗಿದ್ದರೆ ದಾರಿಯನ್ನು ಮರೆಸುವುದೇ ವ್ಯಾಪಾರದ ಷರತ್ತು. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆಯ ವಿರುದ್ಧ ಯುನೆಸ್ಕೊ 1970ರಲ್ಲಿ ಅಂಗೀಕರಿಸಿದ ಒಡಂಬಡಿಕೆಯನ್ನು ಭಾರತ 1977ರಲ್ಲಿ ಅನುಮೋದಿಸಿದೆ. ದಾರಿ ತಿಳಿಯದ ವಸ್ತುವನ್ನು ಹಳತನದ ಆಸೆಯಿಂದ ಕೊಳ್ಳುವ ಪ್ರತಿಯೊಂದು ಸಂಗ್ರಹವೂ ಆ ಒಡಂಬಡಿಕೆಯ ಆಶಯವನ್ನು ದುರ್ಬಲಗೊಳಿಸುತ್ತದೆ.

ಈ ವಿಮರ್ಶೆ ಸಂಗ್ರಹಾಲಯಗಳಿಗೂ ಅನ್ವಯಿಸಬೇಕಾಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ, ಧರ್ಮಸ್ಥಳದ ಮಂಜೂಷಾ ಮುಂತಾದವು ಕನ್ನಡ ನಾಡಿನ ವಸ್ತು ಸಂಸ್ಕೃತಿಯನ್ನು ಉಳಿಸಿದ ಪರಿ ಅಸಾಧಾರಣವಾದುದು. ಇಂತಹ ಶ್ರಮ ಸಾರ್ಥಕವಾಗುವುದು ವಸ್ತುವಿನೊಂದಿಗೆ ಅದರ ವಿವರವೂ ಬಂದಾಗ. ಹೆಸರು, ಲೋಹ, ಅಳತೆ, ಅಂದಾಜು ಕಾಲ ಎಂಬ ನಾಲ್ಕೇ ಅಂಕಣಗಳ ದಾಖಲೆ ಪುಸ್ತಕವು ವ್ಯಾಪಾರಿಯ ಪ್ರಶ್ನೆಗಳನ್ನೇ ಪುನರುಚ್ಚರಿಸುತ್ತದೆ. ಅಂದಾಜು ಕಾಲದ ಅಂಕಣದಲ್ಲಿ ಸುಮಾರು ಇನ್ನೂರು ವರ್ಷ ಎಂದು ಬರೆದು ಆಧಾರವನ್ನು ನಮೂದಿಸದಿದ್ದರೆ, ಮುಂದಿನ ಸಂಶೋಧಕ ಅದನ್ನೇ ಪ್ರಮಾಣವೆಂದು ಉಲ್ಲೇಖಿಸುವ ಅಪಾಯವಿದೆ.

ಆದುದರಿಂದ ಜಾನಪದ ವಸ್ತುವಿನ ದಾಖಲಾತಿಯಲ್ಲಿ ಕೆಲವು ಕ್ರಮಗಳನ್ನು ಅಳವಡಿಸಿಕೊಳ್ಳುವುದು ಅಗತ್ಯ. ಮೊದಲನೆಯದಾಗಿ, ಈ ಹಿಂದೆ ಹೇಳಿದ ಐದು ಕಾಲಗಳನ್ನು ಬೇರೆ ಬೇರೆಯಾಗಿ ಬರೆದು, ಪ್ರತಿಯೊಂದಕ್ಕೂ ಅದು ಬರಹದಿಂದ ತಿಳಿದದ್ದೋ, ಪರೀಕ್ಷೆಯಿಂದಲೋ, ಹೇಳಿಕೆಯಿಂದಲೋ ಎಂಬ ಆಧಾರವನ್ನು ನಮೂದಿಸಬೇಕು. ಎರಡನೆಯದಾಗಿ, ಬಳಕೆಯ ಪಂಚಾಂಗವನ್ನು, ಎಂದರೆ ಯಾವ ಸಂದರ್ಭದಲ್ಲಿ ವರ್ಷಕ್ಕೆ ಎಷ್ಟು ಸಲ ಎಂಬುದನ್ನು, ಬಳಸಿದವರ ಬಾಯಿಂದಲೇ ಕೇಳಿ ಬರೆದಿಡಬೇಕು. ಮೂರನೆಯದಾಗಿ, ದುರಸ್ತಿ, ಮರುಬಣ್ಣ, ಕೊರೆದ ಹೆಸರುಗಳನ್ನು ದೋಷವೆನ್ನದೆ ಸಾಕ್ಷ್ಯವೆಂದು ಉಳಿಸಬೇಕು, ಚಿತ್ರ ತೆಗೆಯುವ ಮುನ್ನ ಪಾತ್ರೆಯನ್ನು ಬೆಳಗಬಾರದು. ನಾಲ್ಕನೆಯದಾಗಿ, ಗುಂಪಾಗಿ ಬಳಕೆಯಾದುದನ್ನು ಗುಂಪಾಗಿಯೇ ದಾಖಲಿಸಬೇಕು, ಬಿಡಿಯಾಗಿ ಬಂದರೆ ಬಿಡಿಯಾಗಿ ಬಂದಿತೆಂದು ಸ್ಪಷ್ಟವಾಗಿ ಬರೆಯಬೇಕು. ಐದನೆಯದಾಗಿ, ದಾರಿ ಹೇಳಲು ಮಾರಾಟಗಾರ ನಿರಾಕರಿಸಿದರೆ ಎಷ್ಟೇ ಹಳೆಯದಾದರೂ ಕೊಳ್ಳಬಾರದು.

ಇವುಗಳಿಗೆ ದೊಡ್ಡ ವೆಚ್ಚದ ಅಗತ್ಯವಿಲ್ಲ, ಅಗತ್ಯವಿರುವುದು ಸಮಯಪ್ರಜ್ಞೆ. ಮರದ ಕಾಲವನ್ನು ಇನ್ನೈವತ್ತು ವರ್ಷಗಳ ಬಳಿಕವೂ ಅಳೆಯಬಹುದು, ಆಗ ಉಪಕರಣಗಳು ಇಂದಿಗಿಂತ ಸೂಕ್ಷ್ಮವಾಗಿಯೂ ಇರಬಹುದು. ಆ ಮಣೆಯ ಮೇಲೆ ಆಡಿದವರು, ಆ ಗೊಂಬೆಯನ್ನು ಕುಣಿಸಿದವರು, ಆ ಸೇರಿನಿಂದ ಕೂಲಿ ಅಳೆದು ಕೊಟ್ಟವರು ಮತ್ತು ಪಡೆದವರು ಅಷ್ಟು ಕಾಲ ಕಾದಿರುವುದಿಲ್ಲ. ವಸ್ತು ಮನೆಯಿಂದ ಹೊರಡುವ ದಿನ ಮಾರುವವರನ್ನು ಕೇಳಿ ಬರೆದುಕೊಂಡ ಅರ್ಧ ಪುಟದ ಟಿಪ್ಪಣಿ, ನಂತರ ಯಾವ ತಜ್ಞನೂ ಕೊಡಲಾರದ ಸಾಕ್ಷ್ಯವಾಗುತ್ತದೆ. ಜಾನಪದ ವಸ್ತುವಿನ ಮೌಲ್ಯನಿರ್ಣಯ ಆ ಟಿಪ್ಪಣಿಯಿಂದ ಆರಂಭವಾಗಬೇಕು. ಎಷ್ಟು ಹಳೆಯದು ಎಂಬ ಪ್ರಶ್ನೆಯನ್ನು ಅದರ ಬಳಿಕವೇ ಕೇಳಬೇಕಾಗುತ್ತದೆ.